ಚೆನ್ನೈ ನಗರದ ಧನುರ್ಮಾಸ

ಹಿಂದಿನವರು ಮದರಾಸೆಂದು ಕರೆಯುತ್ತಿದ್ದು 1996ರಿಂದ ಚೆನ್ನೈ ಎಂಬ ಹೆಸರಿನಿಂದ ವ್ಯವಹರಿಸಲ್ಪಡುತ್ತಿರುವ ಮಹಾನಗರದಲ್ಲಿ, ಸಮುದ್ರತೀರಕ್ಕೆ ಸಮೀಪವಾಗಿ, ಮೈಲಾಪುರವೆಂಬ ಪುರಾತನ ಕ್ಷೇತ್ರವುಂಟು. ಅಲ್ಲಿಯ ಸ್ವಾಮಿ ಕಪಾಲೀಶ್ವರ, ದೇವಿ ಕರ್ಪಗಾಂಬೆ. ಏಳನೆಯ ಶತಮಾನದಲ್ಲಿದ್ದ ತಿರುಜ್ಞಾನಸಂಬಂಧರು ಈ ಕ್ಷೇತ್ರಕ್ಕೆ ಬಂದಾಗ ನಡೆಯಿತೆಂದು ಪೆರಿಯಪುರಾಣವು ಹೇಳುವ ಕಥೆ ಬಹು ಸ್ವಾರಸ್ಯವಾದುದು. ಶಿವಭಕ್ತನಾದ ವರ್ತಕನೊಬ್ಬನ ಮಗಳು ಪೂಂಪಾವೈ ಎಂಬವಳು ಹಾವು ಕಚ್ಚಿ ತೀರಿಕೊಂಡಿದ್ದಳು. ತಂದೆಯು ಅವಳ ಅಸ್ಥಿಯನ್ನು ಕುಂಭದಲ್ಲಿಟ್ಟು ಕಾದುಕೊಂಡಿದ್ದನು. ಸಂಬಂಧರು ಆ ಕುಂಭದ ಮುಂದೆ ನಿಂತು ಹಾಡಿದ ಪದಿಗದಲ್ಲಿ ವೈರಾಗ್ಯದ ಉಪದೇಶವಿಲ್ಲ. ಮೈಲಾಪುರದಲ್ಲಿ ವರ್ಷವರ್ಷವೂ ನಡೆಯುವ ಹಬ್ಬಗಳ ಎಣಿಕೆಯುಂಟು. ಕಾರ್ತಿಕದ ದೀಪ, ಮಾರ್ಗಳಿಯ ಆರ್ದ್ರೆ, ಮಾಸಿಯ ಸಮುದ್ರಸ್ನಾನ, ಫಾಲ್ಗುಣದ ಉತ್ತರೆ ಎಂದು ಒಂದೊಂದನ್ನೂ ಹೆಸರಿಸಿ, ಇವನ್ನೆಲ್ಲ ನೋಡದೆಯೇ ಹೋಗುವೆಯಾ ಎಂದು ಅವರು ಆ ಕನ್ಯೆಯನ್ನು ಕೇಳುವರು. ಕಡೆಗೆ ಅವಳು ಎದ್ದುಬರುವಳು.

ಕಥೆಯನ್ನು ನಂಬುವುದೂ ಬಿಡುವುದೂ ಅವರವರ ಮನಸ್ಸು. ಆದರೆ ಸತ್ತವಳನ್ನು ಬದುಕಿಗೆ ಕರೆಯುವುದಕ್ಕೆ ಹಬ್ಬಕ್ಕಿಂತ ಬಲವಾದ ಆಕರ್ಷಣೆ ಕವಿಗೆ ತೋರಲಿಲ್ಲವೆಂಬುದು ವಿಚಾರಾರ್ಹವಾಗಿದೆ. ಇಂದು ಯಾರಾದರೂ ಆ ಪದಿಗವನ್ನು ಮುಂದುವರಿಸಹೊರಟರೆ ಮಾರ್ಗಳಿಯ ಹೆಸರಿನೊಡನೆ ಹೊಸದೊಂದು ಉತ್ಸವವನ್ನು ಸೇರಿಸಲೇಬೇಕಾಗುವುದು. ಸಂಗೀತ ನೃತ್ಯಗಳ ಆ ಉತ್ಸವ ಈಗ ಲೋಕವಿಖ್ಯಾತವಾಗಿದೆ. ಅದರ ಬಲದಿಂದಲೇ ಯುನೆಸ್ಕೋ ಸಂಸ್ಥೆಯು 2017ರಲ್ಲಿ ಚೆನ್ನೈಯನ್ನು ಸಂಗೀತದ ಸೃಜನಶೀಲ ನಗರಗಳ ಪಂಕ್ತಿಯಲ್ಲಿ ಸೇರಿಸಿತು.

ಮಾರ್ಗಳಿಯೆಂದರೆ ಕನ್ನಡಿಗರ ಧನುರ್ಮಾಸ. ಡಿಸೆಂಬರಿನ ನಡುವಿನಿಂದ ಜನವರಿಯ ನಡುವಿನವರೆಗೆ. ಲೌಕಿಕವಾದ ಶುಭಕಾರ್ಯಗಳನ್ನು ಬದಿಗಿಟ್ಟು ಈ ತಿಂಗಳನ್ನು ದೇವರಿಗೆ ಮೀಸಲಿಡುವುದು ರೂಢಿ. ಬೆಳಗಿನ ಜಾವದಲ್ಲಿ ಮನೆಗಳ ಮುಂದೆ ದೊಡ್ಡ ದೊಡ್ಡ ರಂಗವಲ್ಲಿಗಳು ಮೂಡುವುವು. ಆಂಡಾಳ್ ದೇವಿಯ ತಿರುಪ್ಪಾವೈಯ ಮೂವತ್ತು ಪಾಶುರಗಳು ದಿನಕ್ಕೊಂದರಂತೆ ಕೇಳಿಬರುವುವು. ದೇವಾಲಯಗಳಲ್ಲಿ ಬಿಸಿ ಪೊಂಗಲಿನ ಪ್ರಸಾದ ಹಂಚಲ್ಪಡುವುದು. ಮೈಲಾಪುರದ ಮಾಡಬೀದಿಗಳಲ್ಲಿ ಭಜನಗೋಷ್ಠಿಗಳು ತಾಳ ತಂಬೂರಿಗಳೊಡನೆ ಪ್ರದಕ್ಷಿಣೆ ಬರುವುವು. ವಾಗ್ಗೇಯಕಾರರಾದ ಪಾಪನಾಶಂ ಶಿವನ್ ಅವರು (1890–1973) ಅನೇಕ ವರ್ಷ ಈ ಬೀದಿಗಳಲ್ಲಿ ಹಾಡುತ್ತ ನಡೆದರು. ಅವರ ಹಾಡನ್ನು ಕೇಳುವುದಕ್ಕೆ ಚೀಟಿ ಬೇಕಾಗಿರಲಿಲ್ಲ. ಕದ ತೆರೆದು ಹೊರಗೆ ನಿಂತರೆ ಸಾಕಾಗಿತ್ತು.

ಬೆಳಗಿನ ಈ ಬೀದಿಯ ಹಾಡು ಹಳೆಯದು. ಸಾಯಂಕಾಲದ ಸಭಾಮಂದಿರದ ಕಚೇರಿ ಅದಕ್ಕೆ ಹೋಲಿಸಿದರೆ ಈಚಿನದು. ತಂಜಾವೂರಿನ ಮರಾಠ ದೊರೆತನ 1855ರಲ್ಲಿ ಅಳಿದ ಮೇಲೆ ಅಲ್ಲಿಯ ವಿದ್ವಾಂಸರಿಗೆ ರಾಜಾಶ್ರಯ ತಪ್ಪಿತು. ವ್ಯಾಪಾರದಿಂದಲೂ ವಕೀಲಿಯಿಂದಲೂ ಸಿರಿವಂತವಾಗುತ್ತಿದ್ದ ಮದರಾಸಿಗೆ ಗಾಯಕರೂ ವಾದಕರೂ ನರ್ತಕಿಯರೂ ಕ್ರಮಕ್ರಮವಾಗಿ ಬಂದು ನೆಲೆಸಿದರು. ದೊರೆಯೊಬ್ಬನು ಕೊಡುತ್ತಿದ್ದುದನ್ನು ನೂರು ಜನ ಗೃಹಸ್ಥರು ಕೂಡಿ ಕೊಡುವ ಏರ್ಪಾಡೇ ಸಭೆ. ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿಸ್ವಾಮಿ ಸಭೆ 1900ರ ಸುಮಾರಿನಲ್ಲಿಯೇ ಹುಟ್ಟಿತು. 1927ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಮದರಾಸಿನಲ್ಲಿ ನೆರೆದಾಗ ಅದರೊಡನೆ ಅಖಿಲ ಭಾರತ ಸಂಗೀತ ಸಮ್ಮೇಳನವೂ ನಡೆಯಿತು. ಅದರ ಫಲವಾಗಿ 1928ರಲ್ಲಿ ಸಂಗೀತ ಅಕಾಡೆಮಿ ಸ್ಥಾಪಿತವಾಯಿತು. ಅದರ ಮೊದಲನೆಯ ಅಧ್ಯಕ್ಷರು ವೈದ್ಯರಾದ ಉಡುಪಿ ರಾಮರಾಯರು. ಮುಂದಿನ ಸಮ್ಮೇಳನಗಳೂ ಕ್ರಿಸ್‌ಮಸ್ ರಜೆಯ ಕಾಲಕ್ಕೇ ಸೇರಿದವು. ಕಚೇರಿ ನ್ಯಾಯಾಲಯಗಳಿಗೆ ಬಿಡುವು, ಹವೆ ತಂಪು, ತಿಂಗಳು ಪವಿತ್ರ. ಹೀಗೆ ಸರಕಾರಿ ರಜೆಯೂ ಧನುರ್ಮಾಸವೂ ಒಂದಕ್ಕೊಂದು ಹೊಂದಿಕೊಂಡು ಇಂದಿನ ಉತ್ಸವ ರೂಪುಗೊಂಡಿತು. ಅಕಾಡೆಮಿಯ ಈಗಿನ ಮಂದಿರಕ್ಕೆ 1955ರಲ್ಲಿ ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. 1962ರಲ್ಲಿ ಅದನ್ನು ತೆರೆದವರು ಸ್ವತಃ ಕೃತಿಕಾರರಾಗಿದ್ದ ಮೈಸೂರಿನ ಜಯಚಾಮರಾಜ ಒಡೆಯರು.

ಈ ದಿನಗಳಲ್ಲಿ ಸಭೆಯೊಂದರ ದಿನಚರಿಯನ್ನು ನೋಡಬೇಕು. ಬೆಳಿಗ್ಗೆ ವಿದ್ವಾಂಸರ ಸೋದಾಹರಣ ಭಾಷಣ. ರಾಗವೊಂದರ ಲಕ್ಷಣವನ್ನು ಕುರಿತು ನರೆತ ತಲೆಗಳು ವಾದಿಸುವುವು. ಮಧ್ಯಾಹ್ನ ಕಿರಿಯರ ಕಚೇರಿ. ಅನೇಕ ಸಭೆಗಳಲ್ಲಿ ಇದಕ್ಕೆ ಪ್ರವೇಶಧನವಿಲ್ಲ. ಸಂಜೆ ಹಿರಿಯರದು, ಆಗ ಮುಂದಿನ ಸಾಲುಗಳಿಗೆ ಬೆಲೆ ಹೆಚ್ಚು. ಹಿಂಬದಿಯ ಸಾಲಿನಲ್ಲಿ ವೃದ್ಧರೊಬ್ಬರು ಸಣ್ಣ ಪುಸ್ತಕವನ್ನು ತೊಡೆಯ ಮೇಲಿಟ್ಟು ರಾಗ ತಾಳಗಳ ಹೆಸರನ್ನು ಬರೆದುಕೊಳ್ಳುತ್ತಿರುವರು. ಪಕ್ಕದವರಿಗೆ ರಾಗ ಗೊತ್ತಾಗದಿದ್ದರೆ ಆ ಪುಸ್ತಕದ ಕಡೆಗೆ ಕಣ್ಣು ಹಾಯಿಸುವರು. ತನಿ ಆವರ್ತನ ಆರಂಭವಾಯಿತೆಂದರೆ ಒಂದಷ್ಟು ಮಂದಿ ಎದ್ದು ಉಪಾಹಾರಶಾಲೆಯ ಕಡೆಗೆ ಹೊರಡುವುದೂ ಉಂಟು. ಮೃದಂಗದವನು ವರ್ಷಗಟ್ಟಲೆ ಸಾಧಿಸಿದ ವಿದ್ಯೆಯನ್ನು ಬಿಚ್ಚಿಡುವ ಗಳಿಗೆಯಲ್ಲಿಯೇ ಬಿಸಿ ದೋಸೆಯ ನೆನಪಾಗುವುದು ರಸಿಕರ ಲಕ್ಷಣವೆಂದು ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲ. ಅದಿರಲಿ, ಒಂದೇ ಊರಿನಲ್ಲಿ, ಒಂದೇ ತಿಂಗಳಲ್ಲಿ, ಒಂದು ಸಭೆಯಿಂದ ಇನ್ನೊಂದು ಸಭೆಗೆ ಹೀಗೆ ಜನ ಓಡಾಡುವ ದೃಶ್ಯ ಸಾಮಾನ್ಯವಾದುದಲ್ಲ.

ಆದರೂ ಮಂದಿರವೆಂದಮೇಲೆ ಬಾಗಿಲುಂಟು. ಬಾಗಿಲೆಂದಮೇಲೆ ಒಳಗು ಹೊರಗುಗಳುಂಟು. ಈ ಸಮಸ್ಯೆ ಹೊಸದಲ್ಲವೆಂಬುದಕ್ಕೆ ಭರತಮುನಿಯ ನಾಟ್ಯಶಾಸ್ತ್ರವೇ ಸಾಕ್ಷಿ. ವೇದಶ್ರವಣಕ್ಕೆ ಅಧಿಕಾರವಿಲ್ಲವೆನಿಸಿಕೊಂಡಿದ್ದವರಿಗೂ ಸಲ್ಲುವಂತೆ, ಸರ್ವವರ್ಣಗಳವರಿಗೂ ಸಾಧಾರಣವಾದ ಐದನೆಯ ವೇದವಾಗಿ ಬ್ರಹ್ಮನು ನಾಟ್ಯವನ್ನು ನಿರ್ಮಿಸಿದನೆಂದು ಅದರ ಮೊದಲನೆಯ ಅಧ್ಯಾಯ ಹೇಳುತ್ತದೆ. ಪ್ರಥಮಪ್ರಯೋಗ ನಡೆದದ್ದು ಇಂದ್ರಧ್ವಜದ ಉತ್ಸವದಲ್ಲಿ. ದೇವತೆಗಳ ಗೆಲುವೂ ದೈತ್ಯರ ಸೋಲೂ ಅದರ ವಸ್ತುವಾಗಿದ್ದುದರಿಂದ ದೈತ್ಯರು ಕೆರಳಿ ನಟರ ಮಾತನ್ನೂ ಚಲನೆಯನ್ನೂ ಸ್ತಂಭಿಸಿದರು. ಇಂದ್ರನು ಧ್ವಜದಂಡದಿಂದ ಅವರನ್ನು ಬಡಿದನು. ಅನಂತರ ವಿಶ್ವಕರ್ಮನು ನಾಟ್ಯಗೃಹವನ್ನು ಕಟ್ಟಿದನು. ಅದಕ್ಕೆ ದೇವತೆಗಳು ಕಾವಲಾದರು. ಇಷ್ಟಾದ ಮೇಲೆ ಬ್ರಹ್ಮನು ದೈತ್ಯರನ್ನು ಕರೆದು, ನಾಟ್ಯವು ದೇವತೆಗಳೊಬ್ಬರದೇ ಅಲ್ಲವೆಂದೂ ಮೂರು ಲೋಕಗಳ ಭಾವವೂ ಅದರಲ್ಲಿ ತೋರುವುದೆಂದೂ ಸಮಾಧಾನ ಹೇಳಿದನು. ಗೋಡೆ ಕಾವಲುಗಳು ಪ್ರಯೋಗವನ್ನು ಉಳಿಸಿದುವು, ನಿಜ. ಹೊರಗಾದವರ ಮನಸ್ಸನ್ನು ಒಲಿಸಿದುದು ಮಾತ್ರ ಬ್ರಹ್ಮನ ಮಾತು. ಇದೇ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಭರತಪುತ್ರರು ಋಷಿಗಳನ್ನು ಅಣಕಿಸಿ ಶಾಪಕ್ಕೊಳಗಾಗಿ ಕುಲದ ಗೌರವವನ್ನು ಕಳೆದುಕೊಳ್ಳುವ ಕಥೆಯಿದೆ. ಕಲೆ ಎಲ್ಲರದೆಂದು ಆರಂಭಿಸಿದ ಗ್ರಂಥ ಕಲಾವಿದನು ಬಹಿಷ್ಕೃತನಾಗುವ ಪ್ರಸಂಗದವರೆಗೆ ಬಂದು ನಿಲ್ಲುತ್ತದೆ.

ಚೆನ್ನೈಯ ಕಲಾಚರಿತ್ರೆಯಲ್ಲಿ ಈ ಎರಡು ಅಧ್ಯಾಯಗಳೂ ಕಾಣುತ್ತವೆ. ಇಂದು ಭರತನಾಟ್ಯವೆನಿಸಿಕೊಂಡಿರುವ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿದವರು ದೇವದಾಸಿಯರೆನಿಸಿಕೊಂಡ ಸ್ತ್ರೀಯರೂ ಅವರಿಗೆ ಕಲಿಸುತ್ತಿದ್ದ ನಟ್ಟುವರೂ. ಎಳೆಯ ಹುಡುಗಿಯರನ್ನು ಅವರ ಇಚ್ಛೆ ತಿಳಿಯದೆ ಸಮರ್ಪಿಸುವ ಪದ್ಧತಿ ಅನ್ಯಾಯಕ್ಕೆ ಎಡೆಮಾಡಿತ್ತೆಂಬುದರಲ್ಲಿ ಸಂದೇಹವಿಲ್ಲ. ಮೈಸೂರು ಸಂಸ್ಥಾನವು 1909ರಲ್ಲಿಯೇ ದೇವಾಲಯಗಳಲ್ಲಿ ಅದನ್ನು ನಿಲ್ಲಿಸಿತ್ತು. ಮದರಾಸಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮೀ ರೆಡ್ಡಿಯವರು 1927ರಲ್ಲಿ ಶಾಸನಸಭೆಯ ಮುಂದೆ ಈ ವಿಷಯವನ್ನು ತಂದರು. ಅಂಥ ಮನೆತನದ ತಾಯಿಯ ಮಗಳಾದ ಅವರಿಗೆ ಆ ದುಃಖ ಕೇಳಿ ತಿಳಿದುದಾಗಿರಲಿಲ್ಲ. 1947ರಲ್ಲಿ ನಿಷೇಧ ಶಾಸನವಾಯಿತು. ಇತ್ತ ವಕೀಲರಾದ ಇ. ಕೃಷ್ಣ ಅಯ್ಯರ್ ಅವರು ಪದ್ಧತಿಯೊಡನೆ ವಿದ್ಯೆಯೂ ನಾಶವಾಗಬಾರದೆಂದು ಹೋರಾಡಿ, 1931ರಲ್ಲಿ ಅಕಾಡೆಮಿಯ ವೇದಿಕೆಯ ಮೇಲೆಯೇ ಈ ನೃತ್ಯವನ್ನು ಏರ್ಪಡಿಸಿದರು. ರುಕ್ಮಿಣೀದೇವಿ ಅರುಂಡೇಲ್ ಅವರು 1935ರಲ್ಲಿ ಅಡ್ಯಾರಿನಲ್ಲಿ ತಾವೇ ನರ್ತಿಸಿ, 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಗೃಹಸ್ಥರು ತಮ್ಮ ಹೆಣ್ಣುಮಕ್ಕಳನ್ನು ಕಲಿಯುವುದಕ್ಕೆ ಕಳುಹಿಸುವಂತಾಯಿತು.

ವಿದ್ಯೆ ಉಳಿಯಿತು, ಗೌರವ ಪಡೆಯಿತು. ವಿದ್ಯೆ ಕೊಟ್ಟವರ ಗತಿಯೇನು? ಕಪಾಲೀಶ್ವರನ ಸನ್ನಿಧಿಯಲ್ಲಿ ಸೇವೆ ಮಾಡಿದ ನರ್ತಕಿಯರಲ್ಲಿ ಕೊನೆಯವರೆನಿಸಿದ ಮೈಲಾಪುರದ ಗೌರಿ ಅಮ್ಮಾಳ್ ಅಭಿನಯದಲ್ಲಿ ಅದ್ವಿತೀಯರು. ರುಕ್ಮಿಣೀದೇವಿಯವರಿಗೂ ಬಾಲಸರಸ್ವತಿಯವರಿಗೂ ಪಾಠ ಹೇಳಿದ ಅವರು ಕೊನೆಗಾಲದಲ್ಲಿ ಬಡತನವನ್ನು ಕಂಡು 1971ರಲ್ಲಿ ತೀರಿಕೊಂಡರು. ಬಾಲಸರಸ್ವತಿಯವರು (1918–1984) ವೀಣೆ ಧನಮ್ಮಾಳ್ ಅವರ ಮೊಮ್ಮಗಳು. ಜಾರ್ಜ್‌ಟೌನಿನ ಮನೆಯಲ್ಲಿ ಶುಕ್ರವಾರ ಸಂಜೆ ಧನಮ್ಮಾಳ್ ವೀಣೆ ನುಡಿಸುತ್ತಿದ್ದಾಗ ಪ್ರಸಿದ್ಧ ವಿದ್ವಾಂಸರೂ ಸದ್ದಿಲ್ಲದೆ ಬಂದು ನೆಲದ ಮೇಲೆ ಕುಳಿತು ಕೇಳುತ್ತಿದ್ದರು. ಆದರೆ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಸ್ತ್ರೀಯೊಬ್ಬರಿಗೆ ಸಲ್ಲುವುದಕ್ಕೆ ಸಂಸ್ಥೆ ಹುಟ್ಟಿ ನಾಲ್ವತ್ತು ವರ್ಷಗಳಾಗಬೇಕಾಯಿತು, 1968ರಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರು ಅದನ್ನು ಪಡೆದರು. ನರ್ತಕಿಯೊಬ್ಬರಿಗೆ ಮೊದಲು ಸಂದದ್ದು 1973ರಲ್ಲಿ, ಬಾಲಸರಸ್ವತಿಯವರಿಗೆ. ಸ್ತ್ರೀಯರ ಮನೆಗಳಲ್ಲಿ ಬೆಳೆದ ವಿದ್ಯೆಯ ಬಿರುದು ಸ್ತ್ರೀಯರನ್ನು ಅಷ್ಟು ತಡವಾಗಿ ಹುಡುಕಿಕೊಂಡು ಬಂದುದು ಸಣ್ಣ ಸಂಗತಿಯಲ್ಲ.

ಈ ಪ್ರಸಂಗದಲ್ಲಿ ಕನ್ನಡ ನಾಡಿನ ಮಗಳೊಬ್ಬಳ ಚರಿತ್ರೆ ಸ್ಮರಣೀಯವಾಗಿದೆ. ಬೆಂಗಳೂರು ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನ ಕಡೆ ಹುಟ್ಟಿ, ಮೈಸೂರು ಬೆಂಗಳೂರುಗಳಲ್ಲಿ ಕಲಿತು, ಮದರಾಸಿನಲ್ಲಿ ನೆಲೆಸಿ ಕೀರ್ತಿಯನ್ನೂ ಸಂಪತ್ತನ್ನೂ ಗಳಿಸಿದರು. ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿಯ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯವನ್ನು 1910ರಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ಪುರುಷರ ಶೃಂಗಾರಕಾವ್ಯಗಳಿಗೆ ಇಲ್ಲದ ದೋಷ ಸ್ತ್ರೀ ಬರೆದ ಕಾವ್ಯಕ್ಕೆ ಮಾತ್ರ ಹೇಗೆ ಬಂದಿತೆಂಬುದು ಅವರ ಪ್ರಶ್ನೆ. ಸರಕಾರವು ಆ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆಗೆದದ್ದು 1947ರಲ್ಲಿ. ತಿರುವೈಯಾರಿನಲ್ಲಿ ಕಾವೇರಿಯ ದಡದ ಮೇಲೆ ತ್ಯಾಗರಾಜಸ್ವಾಮಿಗಳ ಸಮಾಧಿ ಹಾಳುಬಿದ್ದಿದೆಯೆಂದು ತಿಳಿದಾಗ, 1920ರ ದಶಕದಲ್ಲಿ ತಮ್ಮ ಒಡವೆ ಆಸ್ತಿಗಳನ್ನು ವ್ಯಯಮಾಡಿ ಅಲ್ಲಿ ಗುಡಿಯನ್ನು ಕಟ್ಟಿಸಿದರು. ಆದರೆ ಅಲ್ಲಿ ವರ್ಷವರ್ಷವೂ ಪುಷ್ಯ ಬಹುಳ ಪಂಚಮಿಯಂದು ನಡೆಯುವ ಆರಾಧನೆಯಲ್ಲಿ ಸ್ತ್ರೀಯರಿಗೆ ಹಾಡುವ ಅಧಿಕಾರವಿರಲಿಲ್ಲ. ಗುಡಿ ಕಟ್ಟಿಸಿದವಳು ಗುಡಿಯ ಮುಂದೆ ಹಾಡಬಾರದು! ನಾಗರತ್ನಮ್ಮನವರು ಜಗಳವಾಡಿ ಹಿಂದಿರುಗಲಿಲ್ಲ. ಸ್ತ್ರೀಯರ ಗುಂಪೊಂದನ್ನು ಕಟ್ಟಿ ಗುಡಿಯ ಹಿಂಬದಿಯಲ್ಲಿ ಹಾಡಿಸಿದರು. 1940ರ ದಶಕದ ಆದಿಯಲ್ಲಿ ಪಂಗಡಗಳು ಒಂದಾದುವು. ಸ್ತ್ರೀಪುರುಷರು ಕೂಡಿ ಹಾಡುವಂತಾಯಿತು. 1952ರಲ್ಲಿ ಅವರು ಕಾಲವಾದರು. ಚೆನ್ನೈಯ ಕಲಾವಿದರು ಸಂಗೀತೋತ್ಸವ ಮುಗಿಸಿ ಆರಾಧನೆಗೆ ಹೋಗಿ ಕುಳಿತಾಗ, ಆ ತಾಯಿಯ ವಿಗ್ರಹವೂ ತ್ಯಾಗರಾಜರ ಸನ್ನಿಧಿಯ ಎದುರಿಗೇ ಕುಳಿತಿರುತ್ತದೆ.

ಭಾಷೆಗೂ ಬಾಗಿಲುಂಟು. ತಮಿಳು ಜನರ ನಡುವೆ ಕುಳಿತು ಗಾಯಕರು ಬಹುಪಾಲು ತೆಲುಗು ಸಂಸ್ಕೃತ ಕೃತಿಗಳನ್ನೇ ಹಾಡಿ, ತಮಿಳು ಪದಗಳನ್ನು ಕಚೇರಿಯ ಬಾಲಕ್ಕೆ ಕಟ್ಟುತ್ತಿದ್ದರೆಂಬ ಅಸಮಾಧಾನದಿಂದ ತಮಿಳಿಶೈ ಚಳವಳಿ ಹುಟ್ಟಿತು. ರಾಜಾ ಅಣ್ಣಾಮಲೈ ಚೆಟ್ಟಿಯಾರರ ಆಶ್ರಯದಲ್ಲಿ 1943ರಲ್ಲಿ ತಮಿಳಿಶೈ ಸಂಘ ಸ್ಥಾಪಿತವಾಯಿತು. ಅದರ ಉತ್ಸವವೂ ಡಿಸೆಂಬರಿನಲ್ಲಿಯೇ. ಆ ಕಾಲದಲ್ಲಿ ಇದು ಸಂಗೀತದ ಸ್ವಾತಂತ್ರ್ಯಕ್ಕೆ ಭಂಗವೆಂದು ಬೇಸರಪಟ್ಟವರುಂಟು. ಫಲವನ್ನು ನೋಡಿದರೆ, ಸಂಗೀತಕ್ಕೆ ಹಾನಿಯಾಗಲಿಲ್ಲ. ಕೃತಿಗಳ ಭಂಡಾರ ಬೆಳೆಯಿತು. ನಾಡು ಭಾಷೆಗಳನ್ನು ಮೀರಿದ ವಿನಿಮಯಕ್ಕೂ ಇದೇ ನಗರದಲ್ಲಿ ಶ್ರೇಷ್ಠವಾದ ನಿದರ್ಶನವಿದೆ. ಮೈಸೂರು ವಾಸುದೇವಾಚಾರ್ಯರು 1935ರಲ್ಲಿ ಅಕಾಡೆಮಿಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ತೊಂಬತ್ತರ ಸಮೀಪದ ವಯಸ್ಸಿನಲ್ಲಿ ರುಕ್ಮಿಣೀದೇವಿಯವರ ಪ್ರಾರ್ಥನೆಯಂತೆ ಕಲಾಕ್ಷೇತ್ರಕ್ಕೆ ಬಂದು, ವಾಲ್ಮೀಕಿ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತವನ್ನು ಅಳವಡಿಸಿದರು. 1961ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದ ಭಾಗವನ್ನು ಮೊಮ್ಮಗ ರಾಜಾರಾಮರು ಪೂರೈಸಿದರು. ಕನ್ನಡದ ವೃದ್ಧರು, ಸಂಸ್ಕೃತ ಶ್ಲೋಕ, ತಮಿಳು ನೆಲ. ಅಲ್ಲಿ ಯಾವ ಬಾಗಿಲೂ ಅಡ್ಡ ಬರಲಿಲ್ಲ.

ಇನ್ನು ಸಭಾಮಂದಿರದ ಹತ್ತಿರಕ್ಕೂ ಬಾರದಿದ್ದ ಕಲೆಗಳ ಮಾತು. ಪರೆ, ಕರಗಾಟ್ಟಂ, ಒಯಿಲಾಟ್ಟಂ, ತೆರುಕ್ಕೂತ್ತುಗಳನ್ನು ಗ್ರಾಮದ ಗದ್ದಲವೆಂದು ಎಣಿಸಿದ ನಗರಕ್ಕೆ, 2007ರಲ್ಲಿ ಆರಂಭವಾದ ‘ಚೆನ್ನೈ ಸಂಗಮಂ’ ಅವುಗಳನ್ನು ಪೊಂಗಲಿನ ಕಾಲದಲ್ಲಿ ಉದ್ಯಾನಗಳಿಗೂ ಕಡಲತೀರಕ್ಕೂ ಕರೆತಂದಿತು. 2011ರ ಅನಂತರ ನಿಂತುಹೋಗಿದ್ದ ಅದು 2023ರಲ್ಲಿ ಪುನಃ ಆರಂಭವಾಯಿತು. 2015ರಲ್ಲಿ ಬೆಸಂಟ್ ನಗರದ ಪಕ್ಕದ ಊರೂರು ಆಲ್ಕಾಟ್ ಕುಪ್ಪವೆಂಬ ಬೆಸ್ತರ ಹಳ್ಳಿಯಲ್ಲಿ ಉತ್ಸವವೊಂದು ನಡೆಯಿತು. ಅದರ ಪ್ರವರ್ತಕರಲ್ಲೊಬ್ಬರು ಗಾಯಕರಾದ ಟಿ. ಎಂ. ಕೃಷ್ಣ, ಅದೇ ವರ್ಷ ಅವರು ಡಿಸೆಂಬರಿನ ಸಭೆಗಳಲ್ಲಿ ತಾವು ಹಾಡುವುದಿಲ್ಲವೆಂದು ಸಾರಿದರು. ಬಲೆ ದೋಣಿಗಳ ನಡುವೆ ಕರ್ಣಾಟಕ ಸಂಗೀತವೂ ಪರೆಯ ನಾದವೂ ಒಂದೇ ವೇದಿಕೆಯ ಮೇಲೆ ಕೇಳಿಬಂದುವು. ಆ ಸಾಹಸವನ್ನು ಮೆಚ್ಚಿದವರಿದ್ದಂತೆ ಆಕ್ಷೇಪಿಸಿದವರೂ ಇದ್ದರು.

ಆಕ್ಷೇಪ ತಳ್ಳಿಹಾಕತಕ್ಕದ್ದಲ್ಲ. ಸೂಕ್ಷ್ಮವಾದ ವಿದ್ಯೆಗೆ ಮೌನ ಬೇಕು, ಸಂಸ್ಕಾರವುಳ್ಳ ಕಿವಿ ಬೇಕು. ಎಲ್ಲರನ್ನೂ ಮೆಚ್ಚಿಸಹೊರಟರೆ ಆಳ ಹೋಗಿ ಅಬ್ಬರ ಉಳಿಯುವುದೆಂಬ ಭಯ ನಿರಾಧಾರವಾದುದಲ್ಲ. ಆದರೆ ಸಂಸ್ಕಾರವುಳ್ಳ ಕಿವಿ ಹುಟ್ಟಿನಿಂದ ಬರುವುದಿಲ್ಲ, ಕೇಳಿ ಕೇಳಿ ಬರುವುದು; ಕೇಳುವ ಅವಕಾಶವೇ ಇಲ್ಲದವನಿಗೆ ಕಿವಿಯಿಲ್ಲವೆಂದು ದೂಷಿಸುವುದು ನ್ಯಾಯವಲ್ಲ. ಚೀಟಿಯಿಲ್ಲದ ಮಧ್ಯಾಹ್ನದ ಕಚೇರಿಯಲ್ಲಿ ಕುಳಿತು ಕಲಿತವರು ಎಷ್ಟೋ ಮಂದಿ. 2020ರ ಮಹಾವ್ಯಾಧಿಯ ಕಾಲದಲ್ಲಿ ಮಂದಿರಗಳು ಮುಚ್ಚಿ ಉತ್ಸವವು ಅಂತರ್ಜಾಲದ ಪರದೆಗೆ ಬಂದಾಗ, ಚೆನ್ನೈಗೆ ಬರಲಾಗದ ದೂರದ ಊರಿನವರೂ ಹಾಸಿಗೆ ಹಿಡಿದ ವೃದ್ಧರೂ ಮನೆಯಲ್ಲಿಯೇ ಕುಳಿತು ಕೇಳುವಂತಾಯಿತು. ಅದರಿಂದ ಸಂಗೀತದ ಆಳವೇನೂ ಬತ್ತಲಿಲ್ಲ.

ದೇವಾಲಯದ ಕ್ರಮವೇ ಇದಕ್ಕೆ ದಾರಿ ತೋರಿಸುತ್ತದೆ. ಮೂಲವಿಗ್ರಹವು ಗರ್ಭಗೃಹವನ್ನು ಬಿಟ್ಟು ಕದಲುವುದಿಲ್ಲ; ಅದಕ್ಕೆ ನಿಯಮವುಂಟು, ಮಡಿಯುಂಟು. ಆದರೆ ಉತ್ಸವದ ದಿನ ಉತ್ಸವಮೂರ್ತಿ ಬೀದಿಗೆ ಬರಲೇಬೇಕು. ಒಳಗೆ ಬರಲಾರದವರಿಗೂ, ಹಿಂದೆ ಬರಗೊಡದಿದ್ದವರಿಗೂ ದರ್ಶನವಾಗುತ್ತಿದ್ದುದು ಆ ಒಂದು ದಿನ. ಮೈಲಾಪುರದಲ್ಲಿ ಫಾಲ್ಗುಣೋತ್ಸವದ ಎಂಟನೆಯ ದಿನ ಅರುವತ್ತುಮೂವರು ನಾಯನಾರರ ಲೋಹಮೂರ್ತಿಗಳು ಪಲ್ಲಕ್ಕಿಗಳಲ್ಲಿ ಕುಳಿತು ಮಾಡಬೀದಿಗಳಲ್ಲಿ ಸಾಗುವುವು. ಕನ್ನಡಿಗರಿಗೆ ಅರುವತ್ತುಮೂವರು ಪುರಾತನರು ಅಪರಿಚಿತರಲ್ಲ. ಅವರಲ್ಲಿ ಅರಸನೂ ಉಂಟು, ಕುಂಬಾರನೂ ಉಂಟು, ಬೇಡನೂ ಬೆಸ್ತನೂ ಅಗಸನೂ ಉಂಟು. ಬೀದಿಯುದ್ದಕ್ಕೂ ಮನೆಯವರೂ ಅಂಗಡಿಯವರೂ ಬಂದವರಿಗೆಲ್ಲ ಅನ್ನವನ್ನೂ ನೀರುಮಜ್ಜಿಗೆಯನ್ನೂ ಕೊಡುವರು. ಯಾರು ಎಲ್ಲಿಯವರೆಂದು ಕೇಳುವವರಿಲ್ಲ. ಮೂರ್ತಿ ಬೀದಿಗೆ ಬಂದುದರಿಂದ ಗರ್ಭಗೃಹದ ಮಹಿಮೆ ಕುಂದಿತೆಂದು ಯಾರೂ ಹೇಳಿದ್ದಿಲ್ಲ.

ಕಲೆಗೂ ಈ ಎರಡು ರೂಪಗಳು ಬೇಕು. ಒಳಗೆ ವಿದ್ವಾಂಸರ ಸೂಕ್ಷ್ಮವಿಚಾರ ನಡೆಯಲಿ. ಅಲ್ಲಿಯ ನಿಯಮ ಸಡಿಲವಾಗದಿರಲಿ. ಅಷ್ಟರಿಂದಲೇ ಉತ್ಸವವಾಯಿತೆಂದು ಮಾತ್ರ ಯಾರೂ ಭಾವಿಸಬಾರದು. ಗೌರಿ ಅಮ್ಮಾಳರಂಥವರ ಹೆಸರನ್ನು ಮಕ್ಕಳಿಗೆ ಹೇಳಿಕೊಡುವುದು, ಮಧ್ಯಾಹ್ನದ ಉಚಿತ ಕಚೇರಿಗಳನ್ನು ಉಳಿಸಿ ಬೆಳೆಸುವುದು, ಹಾಡನ್ನು ಕುಪ್ಪಕ್ಕೂ ಶಾಲೆಗೂ ಕೊಂಡೊಯ್ಯುವುದು, ಅಲ್ಲಿಯ ಪರೆಯನ್ನು ಮರ್ಯಾದೆಯಿಂದ ಮಂದಿರಕ್ಕೆ ಬರಮಾಡಿಕೊಳ್ಳುವುದು ಸಭೆಗಳಿಂದ ಆಗತಕ್ಕ ಕಾರ್ಯಗಳು. ಸಂಬಂಧರು ಪೂಂಪಾವೈಗೆ ಹೆಸರಿಸಿದ ಹಬ್ಬಗಳೆಲ್ಲ ಊರ ಬೀದಿಯಲ್ಲಿ, ಕಡಲ ದಡದಲ್ಲಿ ಎಲ್ಲರೂ ಕಾಣುವಂತೆ ನಡೆಯುತ್ತಿದ್ದಂಥವು. ಸಂಗೀತದ ಉತ್ಸವವೂ ಅವುಗಳ ಸಾಲಿನಲ್ಲಿ ನಿಲ್ಲುವುದಾದರೆ ಮೈಲಾಪುರದ ಪುಣ್ಯ ದೊಡ್ಡದು.